ಮೊದಲು ಕ್ಯಾಚರ್, ಆಮೇಲೆ ಹೊಡೆತಗಾರ

ಹೊರದೇಶದಲ್ಲಿರುವ ನಮ್ಮ ಕನ್ನಡ ಕೂಟದ ಮಕ್ಕಳ ಬೇಸ್‌ಬಾಲ್ ಲೀಗ್‌ಗೆ ಈ ತಿಂಗಳು ಹೊಸ ಡ್ರಾಫ್ಟ್ ಇದೆ, ಅಂದರೆ ತಂಡಗಳು ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುವುದು. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೈದಾನದ ಆಟ ಅಲ್ಲ. ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಅಂತ ಒಂದು ಕಂಪ್ಯೂಟರ್ ಆಟ. ಜರ್ಮನಿಯ ಮಾರ್ಕುಸ್ ಹೈನ್ಸೋನ್ ಶುರುಮಾಡಿದ್ದು, 1999ರಿಂದ ಇದೆ. ಇಲ್ಲಿ ನೀವು ಬ್ಯಾಟ್ ಬೀಸುವುದಿಲ್ಲ. ಆಟಗಾರರನ್ನು ಆರಿಸುತ್ತೀರಿ, ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುತ್ತೀರಿ. ಪಂದ್ಯವನ್ನು ಕಂಪ್ಯೂಟರ್ ಆಡಿಸಿ ಫಲಿತಾಂಶ ಕೊಡುತ್ತದೆ. ನಮ್ಮ ಲೀಗ್‌ನಲ್ಲಿ 12 ತಂಡ. ಪ್ರತಿ ತಂಡಕ್ಕೂ ಇಬ್ಬರು ಮ್ಯಾನೇಜರ್. ಒಬ್ಬರು ಇಲ್ಲಿಯವರು, ಇನ್ನೊಬ್ಬರು ಕಲಬುರಗಿ, ಬೀದರ್ ಅಥವಾ ಯಾದಗಿರಿಯಲ್ಲಿರುವ ಅಣ್ಣ, ತಂಗಿ, ಸೋದರಮಾವನ ಮಗ, ಯಾರಾದರೂ ಆಗಬಹುದು.

ಊರಲ್ಲಿ ಈಗ ಬಿಸಿಲು 40 ಡಿಗ್ರಿ ದಾಟಿದೆ. ಮಧ್ಯಾಹ್ನ ಜೇವರ್ಗಿ ರೋಡಿನಲ್ಲಿ ನಡೆಯುವವರು ಕಾಣುವುದಿಲ್ಲ. ರಜೆಯ ಹುಡುಗರು ಒಳಗೆ ಕೂತು ಯಾರನ್ನು ಆರಿಸಬೇಕು ಅಂತ ಪಟ್ಟಿ ಮಾಡುತ್ತಿದ್ದಾರೆ. ಬೇಸ್‌ಬಾಲ್ ಪಂದ್ಯವನ್ನು ಕಣ್ಣಾರೆ ನೋಡದವರೇ ಜಾಸ್ತಿ. ಆದರೂ ಅವರ ಪಟ್ಟಿಗಳನ್ನು ನೋಡಿದರೆ ಸಂತೋಷ ಆಗುತ್ತದೆ, ಅಷ್ಟು ಶ್ರದ್ಧೆ. ಅವುಗಳಲ್ಲಿ ನನಗೆ ಕಂಡ ಒಂದೇ ಕೊರತೆಯ ಬಗ್ಗೆ ಈ ಸಲ ಬರೆಯಬೇಕು ಅನ್ನಿಸಿತು. ಎಲ್ಲರೂ ಮೇಲಿನ ಸಾಲುಗಳಲ್ಲಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ) ಹೊಡೆಯುವವರನ್ನೇ ತುಂಬಿದ್ದಾರೆ. ಅವರಲ್ಲಿ ಹೆಚ್ಚಿನವರು ಫಸ್ಟ್ ಬೇಸ್ ಆಟಗಾರರು, ಅಂದರೆ ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಬೇಸ್ ಕಾಯುವವರು.

ಫಸ್ಟ್ ಬೇಸ್‌ಗೆ ಒಬ್ಬನೇ ಸಾಕು. ಇನ್ನೊಬ್ಬನನ್ನು ಡೆಸಿಗ್ನೇಟೆಡ್ ಹಿಟ್ಟರ್ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ ಮಾಡುವವನು) ಮಾಡಬಹುದು. ಮೂರನೆಯವನು ಬೆಂಚ್ ಮೇಲೆ ಕೂರುತ್ತಾನೆ. ಅಷ್ಟರಲ್ಲಿ ಒಳ್ಳೆಯ ಕ್ಯಾಚರ್ (ಕೀಪರ್ ಥರ ಹೊಡೆಯುವವನ ಹಿಂದೆ ಕೂರುವವನು), ಶಾರ್ಟ್‌ಸ್ಟಾಪ್ (ಸೆಕೆಂಡ್ ಬೇಸ್, ಥರ್ಡ್ ಬೇಸ್ ನಡುವೆ ನಿಲ್ಲುವವನು), ಸೆಂಟರ್ ಫೀಲ್ಡರ್ (ದೂರದಲ್ಲಿ ನಟ್ಟನಡುವೆ ನಿಲ್ಲುವವನು) ಮೂವರೂ ಬೇರೆ ತಂಡಗಳಿಗೆ ಹೋಗಿರುತ್ತಾರೆ. ಈ ಮೂರು ಜಾಗ ತುಂಬುವುದು ಎಲ್ಲಕ್ಕಿಂತ ಕಷ್ಟ. ಕ್ರಿಕೆಟ್‌ನಲ್ಲಿ ಚೆನ್ನಾಗಿ ಬ್ಯಾಟ್ ಮಾಡುವ ಕೀಪರ್ ಸಿಕ್ಕರೆ ತಂಡಕ್ಕೆ ಎಷ್ಟು ಅನುಕೂಲ ಅಂತ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚೆನ್ನಾಗಿ ಹೊಡೆಯುವ ಕ್ಯಾಚರ್ ಅಂದರೂ ಅಷ್ಟೇ ಬೆಲೆ. ಶಾರ್ಟ್‌ಸ್ಟಾಪ್‌ನಲ್ಲಿ ಇನ್ನೊಂದು ಲಾಭ ಇದೆ. ಅವನನ್ನು ಸೆಕೆಂಡ್ ಬೇಸ್‌ಗೋ ಥರ್ಡ್ ಬೇಸ್‌ಗೋ ಸರಿಸಬಹುದು. ಫಸ್ಟ್ ಬೇಸ್‌ನವನನ್ನು ತಂದು ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಿಸಲು ಆಗುವುದಿಲ್ಲ.

ಮೊನ್ನೆ ಕಲಬುರಗಿಯಿಂದ ಅಣ್ಣನ ಮಗ ಫೋನ್ ಮಾಡಿದ್ದ. “ಕಾಕಾ, ಇವನ್ನ ಶಾರ್ಟ್‌ಸ್ಟಾಪ್ ಹಾಕ್ಲೇನ್ರಿ? ಕೈ ಭಾಳ ಛಲೋ ಅದ.”

“ಅಂವ ಎಡಗೈಲಿ ಒಗಿತಾನಲ್ಲೋ, ನೋಡಿಲ್ಲೇನು?”

“ಎಡಗೈ ಇದ್ರ ಏನಾಯ್ತ್ರಿ?”

ಒಳ್ಳೆಯ ಪ್ರಶ್ನೆ. ಶಾರ್ಟ್‌ಸ್ಟಾಪ್ ಬಾಲ್ ಹಿಡಿದ ಕೂಡಲೇ ಫಸ್ಟ್ ಬೇಸ್‌ಗೆ ಒಗೆಯಬೇಕು. ಬಲಗೈಯವನಿಗೆ ಆ ದಿಕ್ಕು ಸಲೀಸು. ಎಡಗೈಯವನು ಮೊದಲು ಮೈ ತಿರುಗಿಸಬೇಕು. ಅಷ್ಟು ಹೊತ್ತಿಗೆ ಓಡುವವನು ಬೇಸ್ ಮುಟ್ಟಿರುತ್ತಾನೆ. ಅದಕ್ಕೇ ಸೆಕೆಂಡ್ ಬೇಸ್, ಥರ್ಡ್ ಬೇಸ್, ಶಾರ್ಟ್‌ಸ್ಟಾಪ್ ಜಾಗಗಳಲ್ಲಿ ಎಡಗೈಯಿಂದ ಒಗೆಯುವವರು ತೀರಾ ಅಪರೂಪ. ಕ್ಯಾಚರ್‌ಗಳಲ್ಲೂ ಅಷ್ಟೇ. ಬ್ಯಾಟಿಂಗ್ ಯಾವ ಕೈಯಿಂದ ಮಾಡಿದರೂ ನಡೆಯುತ್ತದೆ. ಪಟ್ಟಿಯಲ್ಲಿ ಎರಡೂ ಬೇರೆ ಬೇರೆ ಕಾಲಂನಲ್ಲಿ ಇರುತ್ತವೆ, ಎರಡನ್ನೂ ನೋಡಿ.

ಇನ್ನು ಹೊಡೆತಗಾರರ ವಿಷಯ. ಬ್ಯಾಟಿಂಗ್ ಸರಾಸರಿ ಒಂದನ್ನೇ ನೋಡಿ ಆರಿಸಬೇಡಿ. ಒಂಬತ್ತು ಇನಿಂಗ್ಸ್‌ಗೆ ಮೂರರಂತೆ ಒಂದು ತಂಡಕ್ಕೆ ಸಿಗುವುದು 27 ಔಟ್. ಅದು ಮುಗಿದರೆ ಆಟ ಮುಗಿಯಿತು. ಹಾಗಾಗಿ ಔಟಾಗದೆ ಬೇಸ್ ಮೇಲೆ ನಿಲ್ಲುವವನೇ ಬೇಕು. ಕೆಟ್ಟ ಬಾಲ್‌ಗಳನ್ನು ಬಿಟ್ಟು ವಾಕ್ (ಅಂಥ ನಾಲ್ಕು ಬಾಲ್ ಬಂದರೆ ಹೊಡೆಯದೆಯೇ ಸಿಗುವ ಫಸ್ಟ್ ಬೇಸ್) ತೆಗೆದುಕೊಳ್ಳುವವನಿಗೆ ಸರಾಸರಿ 250 (ಸಾವಿರಕ್ಕೆ ಲೆಕ್ಕ) ಇದ್ದರೂ ಬೇಸ್ ಮುಟ್ಟುವ ಪ್ರಮಾಣ 370 ಇರಬಹುದು. ಸಿಕ್ಕಿದ್ದಕ್ಕೆಲ್ಲ ಬ್ಯಾಟ್ ಬೀಸುವವನಿಗೆ ಸರಾಸರಿ 290 ಇದ್ದರೂ ಅದು 310ರಲ್ಲೇ ನಿಲ್ಲಬಹುದು. ಅಂದರೆ ನೂರು ಸಲ ಬ್ಯಾಟಿಂಗ್‌ಗೆ ಬಂದರೆ ಮೊದಲನೆಯವನು 37 ಸಲ ಬೇಸ್ ಮೇಲಿರುತ್ತಾನೆ, ಎರಡನೆಯವನು 31 ಸಲ. ಹೊಡೆತದ ಬಲ ಹೆಚ್ಚುಕಡಿಮೆ ಒಂದೇ ಇದ್ದರೆ ನಾನು ಯೋಚನೆ ಮಾಡದೆ ಮೊದಲನೆಯವನನ್ನೇ ಕರೆಯುತ್ತೇನೆ.

ಪಿಚರ್‌ಗಳಿಗೆ, ಅಂದರೆ ಬಾಲ್ ಎಸೆಯುವವರಿಗೆ, ನಮ್ಮಲ್ಲಿ ಅಮೆರಿಕದ ಮೇಜರ್ ಲೀಗ್‌ನ ಲೆಕ್ಕವೇ. 26 ಜನರ ತಂಡ, ಅದರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಐವರು ಸ್ಟಾರ್ಟರ್ (ಪಂದ್ಯದ ಶುರುವಿನಿಂದ ಎಸೆಯುವವರು), ಉಳಿದವರು ಬುಲ್‌ಪೆನ್ (ನಡುವೆ ಬದಲಿಗೆ ಬರುವವರು). ಸ್ಟಾರ್ಟರ್‌ಗೆ ಕನಿಷ್ಠ ಮೂರು ಬಗೆಯ ಎಸೆತ ಬೇಕು, ದಮ್ಮೂ ಬೇಕು. ಎರಡೇ ಎಸೆತ ಇದ್ದವನು ಎಷ್ಟು ವೇಗದವನಾದರೂ ಬುಲ್‌ಪೆನ್‌ಗೇ ಸರಿ. ಬುಲ್‌ಪೆನ್‌ನವರು ಕೊನೆಯ ಸುತ್ತುಗಳಲ್ಲೂ ಧಾರಾಳವಾಗಿ ಸಿಗುತ್ತಾರೆ, ಅವಸರ ಬೇಡ.

ವಯಸ್ಸು ಮರೆಯಬೇಡಿ. 34ರ ತಾರೆ ಮೊದಲ ವರ್ಷ ಮಿಂಚಿ ಮರುವರ್ಷವೇ ಇಳಿದುಬಿಡಬಹುದು. ನಮ್ಮ ಲೀಗ್‌ನಲ್ಲಿ ಈಗ ಆರಿಸಿದ ತಂಡವೇ ಹಲವು ಸೀಸನ್ ಆಡುತ್ತದೆ. ಇನ್ನು ಹುಡುಗರ ಹೆಸರಿನ ಮುಂದೆ ಕಾಣುವ ‘ಪೊಟೆನ್ಷಿಯಲ್’ (ಮುಂದೆ ಎಷ್ಟು ಬೆಳೆಯಬಹುದು ಅನ್ನುವ ಅಂಕ) ಸ್ಕೌಟ್‌ನ, ಅಂದರೆ ಆಟಗಾರರನ್ನು ಅಳೆದು ನೋಡುವವನ, ಅಂದಾಜು ಮಾತ್ರ. 20ರಿಂದ 80ರ ಅಳತೆಯಲ್ಲಿ 50 ಅಂದರೆ ಸಾಧಾರಣ. 75 ಅಂತ ಬರೆದಿದ್ದ ಎಷ್ಟೋ ಹುಡುಗರು 50ಕ್ಕೂ ಬರುವುದಿಲ್ಲ. ಉಲ್ಟಾನೂ ಆಗುತ್ತದೆ. ನಿಜವಾದ ಬೇಸ್‌ಬಾಲ್‌ನಲ್ಲಿ ಮೈಕ್ ಪಿಯಾಜಾನನ್ನು 1988ರಲ್ಲಿ 62ನೇ ಸುತ್ತಿನಲ್ಲಿ ಆರಿಸಿದ್ದರು, 1390ನೆಯ ಆಯ್ಕೆ. ಅವನು ದೊಡ್ಡ ಕ್ಯಾಚರ್ ಆಗಿ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆಲ್ಬರ್ಟ್ ಪೂಹೋಲ್ಸ್ 1999ರ 13ನೇ ಸುತ್ತಿನವನು. 703 ಹೋಮ್ ರನ್ ಹೊಡೆದು ಆಟ ಮುಗಿಸಿದ. ಅದಕ್ಕೇ ಕೊನೆಯ ಸುತ್ತುಗಳಿಗೆ ಪಟ್ಟಿ ಮಾಡದೆ ಬೇಸರದಿಂದ ಬಿಟ್ಟುಬಿಡುವವರನ್ನು ಕಂಡರೆ ನನಗೆ ಬೇಜಾರು.

ಸ್ನೇಕ್ ಡ್ರಾಫ್ಟ್ ಆದ್ದರಿಂದ ಸರದಿ ಪ್ರತಿ ಸುತ್ತಿಗೂ ತಿರುಗುತ್ತದೆ. ಮೊದಲ ತಂಡಕ್ಕೆ 1ರ ನಂತರ 24 ಮತ್ತು 25. ನಡುವೆ 22 ಜನ ಹೋಗಿರುತ್ತಾರೆ. ಕೊನೆಯ ತಂಡಕ್ಕೆ 12 ಮತ್ತು 13 ಒಟ್ಟಿಗೆ ಬರುತ್ತವೆ. ನನ್ನನ್ನು ಕೇಳಿದರೆ ಅದೇ ಒಳ್ಳೆಯ ಜಾಗ. ಕ್ಯಾಚರ್, ಶಾರ್ಟ್‌ಸ್ಟಾಪ್ ಇಬ್ಬರನ್ನೂ ಒಂದೇ ಸಲಕ್ಕೆ ಹಿಡಿಯಬಹುದು.

ದೊಡ್ಡವರಿಗೂ ಒಂದು ಮಾತು. ಹಬ್ಬದ ದಿನ ಊರಿಗೆ ಫೋನ್ ಹಚ್ಚಿ ಕೊಟ್ಟರೆ ನಮ್ಮ ಮಕ್ಕಳು ಎರಡು ನಿಮಿಷದಲ್ಲಿ ಮಾತು ಮುಗಿಸುತ್ತಾರೆ. ಏನು ಮಾತಾಡಬೇಕು ಅಂತ ಅವರಿಗೆ ತೋಚುವುದಿಲ್ಲ. ಈ ಲೀಗ್ ಶುರುವಾದ ಮೇಲೆ ಅದೇ ಮಕ್ಕಳು ಥರ್ಡ್ ಬೇಸ್‌ಗೆ ಯಾರು ಅಂತ ಗಂಟೆಗಟ್ಟಲೆ ಕನ್ನಡದಲ್ಲಿ ಜಗಳ ಆಡುತ್ತಿದ್ದಾರೆ. ದಯವಿಟ್ಟು ಆ ಹೊತ್ತಿಗೆ ಲ್ಯಾಪ್‌ಟಾಪ್ ಕಿತ್ತುಕೊಳ್ಳಬೇಡಿ.

ಡ್ರಾಫ್ಟ್ ಶನಿವಾರ, ಇಲ್ಲಿ ಬೆಳಿಗ್ಗೆ 10ಕ್ಕೆ, ಊರಲ್ಲಿ ಸಂಜೆ 7:30ಕ್ಕೆ. ಮೊದಲ ಹತ್ತು ಸುತ್ತು ಎಲ್ಲರೂ ವಿಡಿಯೊ ಕಾಲ್‌ನಲ್ಲಿ ಕೂತು ಆರಿಸುತ್ತಾರೆ. ಉಳಿದದ್ದನ್ನು ಕಂಪ್ಯೂಟರ್ ನಿಮ್ಮ ಪಟ್ಟಿ ನೋಡಿ ಆರಿಸುತ್ತದೆ. ಊರಲ್ಲಿ ಕರೆಂಟ್ ಹೋದರೂ ಆ ಪಟ್ಟಿಯೇ ಕೆಲಸಕ್ಕೆ ಬರುವುದು, ಹಾಗಾಗಿ ಶುಕ್ರವಾರ ರಾತ್ರಿಯೊಳಗೆ ಹಾಕಿಬಿಡಿ. ಬೀದರ್ ಕಡೆಯ ಇಬ್ಬರು ಹುಡುಗಿಯರಿಗೆ ಮತ್ತು ಯಾದಗಿರಿಯ ಒಬ್ಬ ಹುಡುಗನಿಗೆ ಇಲ್ಲಿಂದ ಇನ್ನೂ ಜೋಡಿ ಸಿಕ್ಕಿಲ್ಲ. ನಿಮ್ಮ ಮನೆಯ ಮಕ್ಕಳಿಗೆ ಆಸೆ ಇದ್ದರೆ ಹೆಸರು ಕೊಡಿ, ನೆಂಟಸ್ತಿಕೆ ಇರಬೇಕು ಅಂತೇನಿಲ್ಲ.