ಟಪಾಲು ಮೇಜಿಗೆ ಕುಳಿತ ಮಗಳಿಗೆ

ಚಿ. ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಸ್ಥಳೀಯ ಸಂಸ್ಥೆಯಲ್ಲಿ ಆಡಳಿತ ಸಹಾಯಕಿಯಾಗಿ ಸೇರಿದ ವಾರವೇ ಟಪಾಲು ಮೇಜಿಗೆ ಹಾಕಿದರೆಂದು ನೀನು ಸಪ್ಪಗಾಗಿರುವುದು ನಿನ್ನ ಅಪ್ಪನಿಂದ ತಿಳಿಯಿತು. ಇಷ್ಟು ಓದಿ ಮುದ್ರೆ ಒತ್ತುವುದೇ ಎಂದೆಯಂತೆ. ಅಂಥದೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸವೆದವನು ನಾನು. ಆ ಮೇಜಿನಲ್ಲಿ ಕೈತಪ್ಪಿದ ಕಾಗದವನ್ನು ಮೇಲಧಿಕಾರಿಯೂ ಹುಡುಕಿಕೊಡಲಾರರು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ನಲ್ಲಿ ಸಂಪರ್ಕಕ್ಕೆ ಅರ್ಜಿ ಕೊಟ್ಟ ಮುದುಕರೊಬ್ಬರು ಏಳು ತಿಂಗಳು ಅಲೆದರು. ಬಂದಾಗಲೆಲ್ಲ ನಾನು ತಲೆ ಎತ್ತದೆ, "ಮೇಲೆ ಹೋಗಿದೆ" ಎನ್ನುತ್ತಿದ್ದೆ. ಲೆಕ್ಕಪರಿಶೋಧನೆಗೆಂದು ಯಾರದೋ ಪರವಾನಗಿಯ ಕಡತ ಬಿಚ್ಚಿದಾಗ ಅದರ ಬೆನ್ನಿಗೆ ಗುಂಡುಸೂಜಿಯಲ್ಲಿ ಸಿಕ್ಕಿಕೊಂಡು ಅವರ ಅರ್ಜಿ ಕುಳಿತಿತ್ತು. ಸೂಜಿಯ ಸುತ್ತ ತುಕ್ಕಿನ ಉಂಗುರ. ಬಂದ ಕಾಗದವನ್ನು ವಹಿಗೆ ಏರಿಸುವಾಗ ಕೊಡುವ ಆವಕ ಸಂಖ್ಯೆಯನ್ನೇ ಹಾಕಿರಲಿಲ್ಲವಾದ್ದರಿಂದ ವಹಿಯ ಪಾಲಿಗೆ ಅದು ಬಂದೇ ಇರಲಿಲ್ಲ. ಮುದುಕರು ಬೈದಿದ್ದರೆ ಹಗುರಾಗುತ್ತಿದ್ದೆ. "ಸಿಕ್ಕಿತಲ್ಲ, ಬಿಡಿ" ಎಂದು ಹೊರಟುಬಿಟ್ಟರು.

ಆದ್ದರಿಂದ ಕಾಗದ ಕೈಗೆ ಬಂದ ಕೂಡಲೇ ಮುದ್ರೆ, ದಿನಾಂಕ, ಸಂಖ್ಯೆ. ಅದೇ ಸಂಖ್ಯೆ ಸ್ವೀಕೃತಿ ಚೀಟಿಯಲ್ಲೂ ಇರಲಿ. ಲಗತ್ತುಗಳನ್ನು ಅರ್ಜಿದಾರರ ಎದುರಿಗೇ ಎಣಿಸಿ, ಎಷ್ಟೆಂದು ನಮೂದಿಸು. ಸಂಖ್ಯೆಯನ್ನು ಕಂಪ್ಯೂಟರ್ ಕೊಡಬಹುದು, ಹಾಳೆಗಳನ್ನು ನೀನೇ ಎಣಿಸಬೇಕು. ಏನಾದರೂ ಕೊರತೆಯಿದ್ದರೆ ಒಂದೇ ಸಲಕ್ಕೆ ಎಲ್ಲವನ್ನೂ ಹೇಳು. ದಿನಕ್ಕೊಂದು ದಾಖಲೆ ಕೇಳಿ ಜನರನ್ನು ಸುತ್ತಿಸುವುದು ನಮ್ಮವರ ಹಳೆಯ ಚಾಳಿ. "ಖಂಡಿತ ಆಗುತ್ತದೆ" ಎಂದು ಮಾತು ಕೊಡಬೇಡ, ಮಂಜೂರು ಮಾಡುವ ಅಧಿಕಾರ ನಿನ್ನದಲ್ಲ.

ಇಂದಲ್ಲ ನಾಳೆ ಸಭೆಯ ನಡವಳಿ ಬರೆಯುವ ಕೆಲಸವೂ ನಿನಗೆ ಬರುತ್ತದೆ. ಸದಸ್ಯರು ಮೂರು ಗಂಟೆ ಕೂಗಾಡಿರುತ್ತಾರೆ. ಅದೆಲ್ಲ ಬೇಡ. ಹಾಜರಿದ್ದವರು ಯಾರು, ಸೂಚಿಸಿದವರು, ಅನುಮೋದಿಸಿದವರು ಯಾರು, ಏನು ತೀರ್ಮಾನವಾಯಿತು, ಇಷ್ಟು ಸಾಕು. ಭಿನ್ನಾಭಿಪ್ರಾಯ ದಾಖಲಿಸಿ ಎಂದು ಯಾರಾದರೂ ಕೇಳಿದ್ದರೆ ಅದನ್ನು ಮಾತ್ರ ಬಿಡಬೇಡ. ಮಾರನೆಯ ದಿನ ಒಬ್ಬರು ನಗುನಗುತ್ತಾ ಬಂದು, "ಒಂದು ಸಾಲು ಸೇರಿಸಿಬಿಡಮ್ಮ" ಎನ್ನುತ್ತಾರೆ. ಮುಂದಿನ ಸಭೆಯಲ್ಲಿ ನಡವಳಿ ದೃಢೀಕರಣಕ್ಕೆ ಬಂದಾಗ ತಿದ್ದುಪಡಿ ಕೇಳಿ ಎಂದು ನೀನೂ ನಗುತ್ತಲೇ ಹೇಳು.

ಬಾಯಿಮಾತಿನ ಆದೇಶಕ್ಕೂ ಮದ್ದಿದೆ. "ಮೌಖಿಕ ಸೂಚನೆಯ ಮೇರೆಗೆ ಮಂಡಿಸಿದೆ" ಎಂದು ಟಿಪ್ಪಣಿ ಹಾಳೆಯಲ್ಲಿ ಬರೆದು, ಸಹಿಗೆ ಕಡತ ಕಳುಹಿಸು. ಸರಿಯಾದ ಆದೇಶವಾದರೆ ಸಹಿಯಾಗಿ ಬರುತ್ತದೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಅಲ್ಲೇ ಆರಿಹೋದವು. ಹಿಂದಿನ ದಿನಾಂಕ ಹಾಕೆಂದರೆ ಮಾತ್ರ ಯಾರು ಹೇಳಿದರೂ ಹಾಕಬೇಡ. ಬರೆದದ್ದು ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಿರುಸಹಿ ಮಾಡು; ಬಿಳಿ ಶಾಯಿ ಬಳಿದರೆ ಸಂಶಯಕ್ಕೆ ನೀನೇ ಬಾಗಿಲು ತೆರೆದಂತೆ.

ಮರೆತಿದ್ದೆ. ಕಡತ ಕಟ್ಟಲು ಟ್ಯಾಗ್ ದಾರ ಇಲ್ಲದಿದ್ದರೆ ಕೇಳಿ ತರಿಸಿಕೋ. ಗುಂಡುಸೂಜಿಯ ಡಬ್ಬಿಯನ್ನು ಡ್ರಾಯರಿನ ಮೂಲೆಗೆ ತಳ್ಳು.

ಇಂತಿ,
ನಿನ್ನ ದೊಡ್ಡಪ್ಪ