ಊಟದ ನಂತರದ ಸಕ್ಕರೆ: ಮಧುಮೇಹ ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ಖಾಲಿ ಹೊಟ್ಟೆಯ ರೀಡಿಂಗ್ ಚೆನ್ನಾಗಿದೆ, ಆದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಯಾಕೆ ಇಳಿಯುತ್ತಿಲ್ಲ?’ ಎಂದು ಹಲವರು ಕೇಳಿದ್ದೀರಿ. ಹೆಚ್ಚಾಗಿ ಊಟದ ನಂತರದ ಏರಿಕೆಯೇ ಕಾರಣ. ಊಟ ಮುಗಿಸಿದ ಮೇಲಲ್ಲ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ 2 ಗಂಟೆ ಲೆಕ್ಕ ಹಾಕಿ ಪರೀಕ್ಷಿಸಿ. ಸಾಮಾನ್ಯವಾಗಿ 180 ಮಿ.ಗ್ರಾಂ. ಒಳಗಿರಬೇಕು, ನಿಮ್ಮ ವೈದ್ಯರು ಬೇರೆ ಗುರಿ ಕೊಟ್ಟಿದ್ದರೆ ಅದೇ ಸರಿ.

ತಟ್ಟೆಯಲ್ಲಿ ತರಕಾರಿ, ಪ್ರೊಟೀನ್ ಮೊದಲು ತಿನ್ನಿ, ಪಿಷ್ಟದ ಪದಾರ್ಥ ಕೊನೆಗೆ. ಅದೇ ಊಟ, ಕ್ರಮ ಮಾತ್ರ ಬೇರೆ, ಏರಿಕೆ ಕಡಿಮೆ. ನಂಬಿಕೆ ಬರದಿದ್ದರೆ ಮೀಟರ್ ಹಿಡಿದು ಎರಡು ದಿನ ಹೋಲಿಸಿ ನೋಡಿ. ಜ್ಯೂಸ್, ಕೂಲ್ ಡ್ರಿಂಕ್ ಬೇಡವೇ ಬೇಡ.

ಉಂಡ ಮೇಲೆ 10–15 ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಕಾಯದೆ ರಕ್ತದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಫೋನಿನಲ್ಲಿ ಮಾತಾಡುತ್ತಾ ನಡೆದರೂ ನಡೆದಂತೆಯೇ!

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ರೀಡಿಂಗ್ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

ಚಿಕ್ಕ ವಯಸ್ಸಿನಲ್ಲಿ ಬಂದ ಟೈಪ್ 2 ಮಧುಮೇಹ ದೊಡ್ಡವರದ್ದಕ್ಕಿಂತ ಬೇಗ ಬಿಗಡಾಯಿಸುತ್ತದೆ. ಹಾಗಾಗಿ ಗುಂಪಿನ ಮಾತು ಕೇಳಿ ಯಾರೂ ಡೋಸ್ ಬದಲಿಸಬೇಡಿ. ರೀಡಿಂಗ್ ಹಾಕುವಾಗ ಏನು ತಿಂದಿರಿ, ಎಷ್ಟು ಹೊತ್ತಿಗೆ ಎಂದೂ ಬರೆಯಿರಿ.