ಅಯ್ಯನವರು ತೀರಿಹೋದ ಮೇಲೆ ನಮ್ಮನ್ನು ನೋಡಿಕೊಂಡವರಿಗೆ

ಮಗಳು ನರ್ಸಿಂಗ್ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಮೊದಲ ಸಂಬಳವೂ ಕೈಸೇರಿದೆ. ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯ ಟ್ರಸ್ಟಿಗೆ ನಾಲ್ಕು ಜನರೆದುರು ವಂದನೆ ಹೇಳಲು ಇನ್ನು ತಡಮಾಡಬಾರದು.

ನನ್ನ ಗಂಡ ಸಭಾಪಾಲಕರಾಗಿದ್ದರು; ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಸಭಾಪಾಲಕರ ಕುಟುಂಬಕ್ಕೆ ಸ್ವಂತ ಮನೆ ಅಪರೂಪ. ವರ್ಗವಾದ ಊರಲ್ಲಿ ಸಭೆ ಕೊಟ್ಟ ಮನೆಯಲ್ಲಿ ವಾಸ. ಅಯ್ಯನವರು ತೀರಿಕೊಂಡರೆ ಮುಂದೆ ಬರುವ ಅಯ್ಯನವರಿಗಾಗಿ ಅದನ್ನು ತೆರವು ಮಾಡಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಗಂಡನನ್ನು ಮಣ್ಣು ಮಾಡಿ ಬಂದವಳಿಗೆ ಪಾತ್ರೆ ಕಟ್ಟುವ ಚಿಂತೆಯೂ ಒಟ್ಟಿಗೇ ಬರುತ್ತದೆ. ನಾನು ಯಾರನ್ನೂ ಕೇಳುವ ಮೊದಲೇ ಟ್ರಸ್ಟಿನ ಖಜಾಂಚಿಯವರು ಸಭೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬಂದರು. "ಅಮ್ಮನವರೇ, ಒಂದು ಬಾಡಿಗೆ ಮನೆ ನೋಡಿದ್ದೇವೆ. ನೀವು ಬಂದು ನೋಡಿ ಒಪ್ಪಿದರೆ ಮುಂಗಡ ಕೊಡುತ್ತೇವೆ" ಎಂದರು. ಒಪ್ಪುವ, ಒಪ್ಪದಿರುವ ಅಧಿಕಾರವನ್ನು ನನಗೇ ಬಿಟ್ಟಿದ್ದರು. ಆ ಮನೆಯಲ್ಲಿ ನೀರಿನ ತೊಂದರೆಯಿತ್ತು, ಬೇಡವೆಂದೆ. ಮುಖ ಸಿಂಡರಿಸದೆ ಇನ್ನೊಂದು ಹುಡುಕಿದರು.

ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ, ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಾಗ ಏಳು ಮಂದಿಯನ್ನು ಆ ಕೆಲಸಕ್ಕೆ ನೇಮಿಸುತ್ತಾರೆ. ನಮ್ಮವರು ಆ ಭಾಗದ ಮೇಲೆ ಪ್ರಸಂಗ ಮಾಡುವಾಗ ನಾನು ಮುಂದಿನ ಸಾಲಿನಲ್ಲಿ ಕೂತು, ಮಧ್ಯಾಹ್ನದ ಅಡುಗೆಯ ಲೆಕ್ಕ ಹಾಕುತ್ತಿದ್ದೆ. ಈಗ ಆ ಅಧ್ಯಾಯದ ಒಳಗೇ ನಾನಿದ್ದೇನೆ.

"ನಿಮಗೇನಮ್ಮ, ಹೊರದೇಶದ ದುಡ್ಡು ಬರುತ್ತದೆ" ಎನ್ನುವವರು ನಮ್ಮ ಓಣಿಯಲ್ಲೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಕಾಲದ ಮಾತು ಬೇರೆ. ಈ ಟ್ರಸ್ಟಿಗೆ ವಿದೇಶಿ ದೇಣಿಗೆ ಪಡೆಯುವ ನೋಂದಣಿಯೇ ಇಲ್ಲ. ನೋಂದಣಿ ಇರುವ ಸಂಸ್ಥೆಗಳೂ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಇಲ್ಲಿಗೆ ಬರುವುದು ಭಾನುವಾರದ ಕಾಣಿಕೆಯ ಪಾಲು, ಸ್ತ್ರೀಯರ ಕೂಟದ ಉಳಿತಾಯ, ಸುಗ್ಗಿ ಹಬ್ಬದ ಹರಾಜಿನ ಹಣ. ಆ ಹರಾಜನ್ನು ನೋಡಬೇಕು! ಒಂದು ಕುಂಬಳಕಾಯಿಯನ್ನು ಕೊಂಡವರು ಅಲ್ಲೇ ಮರಳಿ ಒಪ್ಪಿಸುತ್ತಾರೆ, ಮತ್ತೆ ಕೂಗಾಗುತ್ತದೆ, ಇನ್ನೊಬ್ಬರು ಹೆಚ್ಚಿನ ಬೆಲೆಗೆ ಕೊಳ್ಳುತ್ತಾರೆ, ಅವರೂ ಒಪ್ಪಿಸುತ್ತಾರೆ. ಕಾಯಿ ಯಾರ ಮನೆ ಸೇರಿತೆಂದು ಕೊನೆಗೆ ಯಾರಿಗೂ ನೆನಪಿರುವುದಿಲ್ಲ. ನನ್ನ ಮಗಳ ಶುಲ್ಕದಲ್ಲಿ ಅಂಥ ಕಾಯಿಗಳು ಎಷ್ಟಿದ್ದವೋ.

ಖಜಾಂಚಿಯವರು ಲೆಕ್ಕದಲ್ಲಿ ಬಹಳ ಬಿಗಿ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಪಡೆದ ಟ್ರಸ್ಟ್ ವರ್ಷದ ಆದಾಯದಲ್ಲಿ ಶೇ 5ಕ್ಕಿಂತ ಹೆಚ್ಚು ಹಣವನ್ನು ಧಾರ್ಮಿಕ ಕೆಲಸಕ್ಕೆ ಬಳಸುವಂತಿಲ್ಲ. ಆದ್ದರಿಂದ ನಮ್ಮವರು ಹಳ್ಳಿಯ ಸಭೆಗಳಿಗೆ ಸುತ್ತಾಡಿದ ಪೆಟ್ರೋಲು, ಅಲ್ಲಿಗೆ ಒಯ್ದ ಚಾಪೆ ಮತ್ತು ಆರಾಧನೆಯ ಹಾಡಿನ ಪುಸ್ತಕ ಆ ಮಿತಿಯೊಳಗೆ ಒಂದು ಲೆಕ್ಕದ ಪುಸ್ತಕದಲ್ಲಿ. ಔಷಧಿ, ಶಾಲೆ, ಬಾಡಿಗೆ ಇನ್ನೊಂದರಲ್ಲಿ. ಬಡವರ ಪುಸ್ತಕದಲ್ಲಿ ಸಭೆಗೆ ಸೇರದವರ ಹೆಸರುಗಳೂ ಇವೆ. ಕಾಲೇಜಿನ ಶುಲ್ಕವನ್ನು ಕೈಗೆ ಕೊಡಲಿಲ್ಲ; ಕಾಲೇಜಿನ ಹೆಸರಿಗೇ ಚೆಕ್ ಬರೆದು, ರಸೀದಿ ತರಿಸಿ ಫೈಲಿಗೆ ಸೇರಿಸಿದರು. ಮೊದಮೊದಲು ನನಗೆ ಇದು ಅಪನಂಬಿಕೆಯಂತೆ ಕಂಡು ಬೇಸರವಾಗಿತ್ತು. ಆಮೇಲೆ ನೋಡಿದರೆ ಹಿರಿಯರ ಮೊಮ್ಮಗನಿಗೂ ಅದೇ ನಿಯಮ.

ಇನ್ನೊಂದು ಮಾತು ಹೇಳಲೇಬೇಕು. ಇವರು ಕೊಡುವಾಗ ಫೋಟೊ ತೆಗೆಯಲಿಲ್ಲ. ಅಕ್ಕಿಚೀಲ ಹಿಡಿಸಿ ಸಾಲಾಗಿ ನಿಲ್ಲಿಸುವ ಸಮಾರಂಭಗಳನ್ನು ಕಂಡವಳು ನಾನು. ಆ ಸಾಲಿನಲ್ಲಿ ಮಗಳು ನಿಲ್ಲಲಿಲ್ಲವೆಂಬುದೇ ನನಗೆ ದೊಡ್ಡ ಉಪಕಾರ.

ಟ್ರಸ್ಟಿನ ಹಿರಿಯರಿಗೆ, ಹೆಸರು ಹೇಳಬಾರದೆಂದು ಆಣೆ ಹಾಕಿಸಿದ ಖಜಾಂಚಿಯವರಿಗೆ, ಸ್ತ್ರೀಯರ ಕೂಟದ ಅಕ್ಕಂದಿರಿಗೆ ಮನಃಪೂರ್ವಕ ವಂದನೆಗಳು. ಬರುವ ತಿಂಗಳಿಂದ ಬಾಡಿಗೆಯನ್ನು ನಾವೇ ಕಟ್ಟುತ್ತೇವೆ. ಸಹಾಯದ ಪಟ್ಟಿಯಿಂದ ನನ್ನ ಹೆಸರು ತೆಗೆಯುವಂತೆ ಬರೆದುಕೊಟ್ಟಿದ್ದೇನೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಈ ಸಲ ಮಗಳೂ ಕೂಗುತ್ತಾಳಂತೆ, ಬೆಲೆ ಏರಿಸುವವರು ಸ್ವಲ್ಪ ಎಚ್ಚರದಿಂದಿರಿ.